ಕಹಿ ಉಪ್ಪಿನ ನೀರು

ಮೀನಿನ ಹೊಟ್ಟೆ ಊದಿಕೊಂಡಿರುವುದು ಜಿವ್ಕಾಳಿಗೆ ತಿಳಿದದ್ದು ತೊಟ್ಟಿಯನ್ನು ಮೇಲಿನಿಂದ ಬಗ್ಗಿ ನೋಡಿದಾಗ. ಹುರುಪೆಗಳೆಲ್ಲ ಎದ್ದು ನಿಂತು, ಆ ಹೊಂಬಣ್ಣದ ಮೀನು ಪೈನ್ ಮರದ ಒಣಕಾಯಿಯಂತಾಗಿತ್ತು. ಗಾಜಿಗೆ ಮುಖವಿಟ್ಟು, ಮೂಲೆಯಲ್ಲಿ ಅಲ್ಲಾಡದೆ ನಿಂತಿತ್ತು. ಅವಳಿಗೆ ಮೊದಲು ನೆನಪಾದದ್ದು ಬರುವ ಶನಿವಾರ.

ಶನಿವಾರ ಬಿಟ್ಟು ಶನಿವಾರ ಪ್ಲಾಮೆನ್ ಬರುತ್ತಿದ್ದ. ವಿಚ್ಛೇದನವಾದಾಗ ಅವನು ತನ್ನ ಪುಸ್ತಕ, ಹತಾರ, ಚಳಿಗಾಲದ ಟೈರು ಎಲ್ಲವನ್ನೂ ಒಯ್ದಿದ್ದ. ಮೀನಿನ ತೊಟ್ಟಿಯನ್ನು ಮಾತ್ರ ಒಯ್ಯಲಾಗಲಿಲ್ಲ. ಈಗ ಅವನ ಜೊತೆಗಿರುವ ಹೆಂಗಸು ಬೆಕ್ಕು ಸಾಕಿದ್ದಳು. ಹಾಗಾಗಿ ನೀರು ಬದಲಿಸಲು ಅವನೇ ಬರುತ್ತಿದ್ದ. ಅದೆಲ್ಲ ತನ್ನಿಂದಾಗದು ಎಂದು ಜಿವ್ಕಾ ಮೊದಲೇ ಹೇಳಿದ್ದಳು. ಕೆಲಸ ಮುಗಿದ ಮೇಲೆ ಅವನು ಅಡುಗೆಮನೆಯ ಕಿಟಕಿಯ ಬಳಿ ಕೂತು ಕಾಫಿ ಕುಡಿಯುತ್ತಾ ತಾನು ಕೆಲಸ ಮಾಡುವ ಬಂದರಿನ ಸುದ್ದಿ ಹೇಳುತ್ತಿದ್ದ. ಅಷ್ಟು ಹೊತ್ತು ಬಿಟ್ಟರೆ ಆ ಮನೆಯಲ್ಲಿ ಇನ್ನೊಬ್ಬರ ದನಿ ಕೇಳುತ್ತಿರಲಿಲ್ಲ. ತೊಟ್ಟಿಯಲ್ಲಿ ಉಳಿದಿದ್ದದ್ದು ಇದೊಂದೇ ಮೀನು. ಇದೂ ಹೋದರೆ ಅವನಿಗೆ ಈ ಮೆಟ್ಟಿಲು ಹತ್ತಲು ಕಾರಣವೇ ಇರುವುದಿಲ್ಲ.

ತಪ್ಪು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಪ್ರತಿ ನವೆಂಬರಿನಲ್ಲಿ ನೆಲಮಾಳಿಗೆಯಲ್ಲಿ ಹುಳಿ ಎಲೆಕೋಸಿನ ಪೀಪಾಯಿ ತುಂಬಿಸುತ್ತಿದ್ದವನು ಪ್ಲಾಮೆನ್. ಉಪ್ಪುನೀರು ಕೆಡದಿರಲೆಂದು ಕೊಳವೆಯನ್ನು ತಳದವರೆಗೆ ಇಳಿಬಿಟ್ಟು ದಿನವೂ ಗಾಳಿ ಊದುವುದೂ ಅವನದೇ ಕೆಲಸ. ಈ ಸಲ ಅವಳೊಬ್ಬಳೇ ಕೋಸು ಹಾಕಿದ್ದಳು. ಊದಿ ಊದಿ ತಲೆ ಸುತ್ತಿ ಮೆಟ್ಟಿಲ ಮೇಲೆ ಕುಸಿದಾಗ ಕೆಳಮನೆಯ ಸ್ಟೋಯ್ಕಾ ಅಜ್ಜಿ ನೋಡಿ ನಕ್ಕಿದ್ದರು.

"ಯಾಕೆ ಹಿಂಗೆ ಪ್ರಾಣ ಕಳ್ಕೊಳ್ತೀಯೇ ಹುಡುಗಿ? ನಿಮ್ಮನೇಲಿ ಮೀನಿಂದು ಪಂಪಿಲ್ವಾ? ಈ ಕಟ್ಟಡದಲ್ಲಿ ಎಲ್ಲರ ಕೋಸೂ ಅದ್ರಲ್ಲೇ ಉಸಿರಾಡೋದು."

ಉಳಿದವರು ಕೋಸಿಗೆಂದೇ ಬೇರೆ ಪಂಪು ಕೊಂಡಿಟ್ಟಿದ್ದಾರೆ ಎಂಬುದನ್ನು ಅಜ್ಜಿ ಹೇಳಲಿಲ್ಲ, ಜಿವ್ಕಾಳಿಗೂ ಹೊಳೆಯಲಿಲ್ಲ. ತೊಟ್ಟಿಯ ಪಂಪು ವಾರವಿಡೀ ನೆಲಮಾಳಿಗೆಯಲ್ಲಿ ಗುಳುಗುಳು ಎನ್ನುತ್ತಿತ್ತು. ಇತ್ತ ಮೀನು ಗಾಳಿಗಾಗಿ ಮೇಲೆ ಬಂದು ಬಾಯಿ ತೆರೆದಾಗಲೆಲ್ಲ, ಹಸಿವಿರಬೇಕೆಂದು ಅವಳು ಇನ್ನಷ್ಟು ಆಹಾರ ಉದುರಿಸಿದಳು. ಅದು ತಳದಲ್ಲಿ ಕೊಳೆತು ನೀರು ಕೆಟ್ಟಿತು.

ಸಾಕುಮೀನಿನ ಅಂಗಡಿಯವನು ಫೋಟೋ ನೋಡಿ, ಒಳಗಿನ ಅಂಗಗಳು ಸೋತು ಮೈತುಂಬ ನೀರು ನಿಂತಿದೆ, ಇಂಥವು ಉಳಿಯುವುದು ಅಪರೂಪ, ಹೊಸದೊಂದನ್ನು ಒಯ್ಯಿರಿ ಎಂದ. ಆದರೆ ಹಳೆಯ ಮೀನಿನ ಬಾಲದ ಬುಡದಲ್ಲಿರುವ ಬಿಳಿ ಮಚ್ಚೆ ಪ್ಲಾಮೆನ್‌ಗೆ ಚೆನ್ನಾಗಿ ಗೊತ್ತಿತ್ತು. ಅವಳು ಅಲ್ಲಿಂದ ಕದಲದಿದ್ದಾಗ ಅಂಗಡಿಯವನು ಚಿಕಿತ್ಸೆ ಹೇಳಿದ. ಬೇರೆ ಟಬ್ಬಿನಲ್ಲಿಡಬೇಕು, ನೀರು ತುಸು ಬೆಚ್ಚಗಿರಬೇಕು, ಅದರಲ್ಲಿ ಔಷಧಿ ಅಂಗಡಿಯ ಕಹಿ ಉಪ್ಪನ್ನು, ಅಂದರೆ ಎಪ್ಸಮ್ ಸಾಲ್ಟನ್ನು, ಕರಗಿಸಬೇಕು. ಅಡುಗೆ ಉಪ್ಪು ಹಾಕಿದರೆ ಕೆಲಸ ಕೆಡುತ್ತದೆ. ಮೊದಲು ಉಪವಾಸ, ಆಮೇಲೆ ಸಿಪ್ಪೆ ಸುಲಿದ ಬೆಂದ ಬಟಾಣಿ.

ಔಷಧಿ ಅಂಗಡಿಯಲ್ಲಿ ಕಹಿ ಉಪ್ಪು ಕೇಳಿದಾಗ ಅಲ್ಲಿಯ ಹೆಂಗಸು ದನಿ ತಗ್ಗಿಸಿ, "ಯಾರಿಗಮ್ಮ, ಹೊಟ್ಟೆ ಕಟ್ಟಿರೋದು?" ಎಂದಳು.

"ಮನೇಲಿ ಒಬ್ರಿಗೆ."

"ಒಂದು ಚಮಚ ಸಾಕು. ಆಮೇಲೆ ಮನೆ ಬಿಟ್ಟು ಎಲ್ಲೂ ಹೋಗ್ಬೇಡಿ ಅನ್ನಿ."

"ಇಲ್ಲ, ಅದು ಎಲ್ಲೂ ಹೋಗಲ್ಲ," ಎಂದಳು ಜಿವ್ಕಾ.

ಬಟ್ಟೆ ನೆನೆಸುವ ಟಬ್ಬು ಮೀನಿನ ಆಸ್ಪತ್ರೆಯಾಯಿತು. ಅವಳು ಪಂಪನ್ನು ನೆಲಮಾಳಿಗೆಯಿಂದ ತಂದು ತೊಳೆದು ಟಬ್ಬಿಗಿಳಿಸಿದಳು. ಕಚೇರಿಗೆ ರಜೆ ಹಾಕಿದಳು. ಹಿಂದಿನ ದಿನ ನಿಲ್ಲಿಸಿಟ್ಟ ನೀರನ್ನು ಬಿಸಿನೀರಿನೊಂದಿಗೆ ಬೆರೆಸಿ, ಮೊಣಕೈ ಅದ್ದಿ ಹದ ನೋಡಿ, ಸ್ವಲ್ಪ ಸ್ವಲ್ಪವಾಗಿ ಬದಲಿಸಿದಳು. ಮಲಗಿದರೆ ಅದು ಸತ್ತು ತೇಲಿರುತ್ತದೆಂದು ಎದ್ದು ಬರುವಳು; ಕಿವಿರು ಆಡುವುದನ್ನು ಕಂಡು ಹಿಂತಿರುಗುವಳು. ನಡುವೆ ಪ್ಲಾಮೆನ್ ಫೋನು ಮಾಡಿ ಮೀನು ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ ಎಂದಳು. ಹಾಗಾದರೆ ಈ ಶನಿವಾರ ಬರುವುದನ್ನು ಬಿಡಲೇ ಎಂದು ಅವನು ಕೇಳಿದ್ದಕ್ಕೆ, ಬೇಡ, ಬಾ, ನೀರು ಕೊಳೆಯಾಗಿದೆ ಎಂದಳು. ಅದಂತೂ ಸುಳ್ಳಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹುರುಪೆಗಳು ಮೈಗೆ ಕೂತಿದ್ದವು. ಊತ ಪೂರ್ತಿ ಇಳಿದಿರಲಿಲ್ಲ, ಆದರೂ ಮೀನು ಬಟಾಣಿಯ ಚೂರನ್ನು ಬಾಯಿಗೆ ತೆಗೆದುಕೊಂಡು, ಉಗುಳಿ, ಮತ್ತೆ ತಿಂದಿತು. ಜಿವ್ಕಾ ಸ್ನಾನದಮನೆಯ ನೆಲದ ಮೇಲೆ ಕೂತು ಅತ್ತಳು.

ಮರುದಿನ ಪ್ಲಾಮೆನ್ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವಳು ಎಲ್ಲವನ್ನೂ ಹೇಳಿದಳು. ಅವನು ಪಂಪಿನ ಕೊಳವೆ ಮೂಸಿ ನಕ್ಕ.

"ಇನ್ನೂ ಕೋಸಿನ ವಾಸನೆ. ಪುಣ್ಯ, ಮೀನು ಉಪ್ಪಿನಕಾಯಿ ಆಗ್ಲಿಲ್ಲ." ಆಮೇಲೆ ನಗು ನಿಲ್ಲಿಸಿ ಮೀನಿನತ್ತ ಬಗ್ಗಿ ನೋಡಿದ. "ಈ ಕಾಯಿಲೆ ಬಂದದ್ದು ನನ್ನ ಕೈಲಿ ಒಂದೂ ಉಳಿದಿಲ್ಲ ಗೊತ್ತಾ. ನೀನು ಉಳಿಸಿದ್ದೀಯ. ಇನ್ನು ನಾನ್ಯಾಕೆ ಬರ್ಬೇಕು ಹೇಳು? ನೀರು ಬದಲಾಯಿಸೋದಕ್ಕೂ ನೀನೇ ಸಾಕು."

ಅವನ ದನಿಯಲ್ಲಿ ಹೊಗಳಿಕೆ ಇತ್ತು. ಜೊತೆಗೆ ಹೊರೆ ಇಳಿಸಿದವನ ಹಗುರವೂ ಇತ್ತು. ಅದನ್ನು ಮುಚ್ಚಿಡಬೇಕೆಂದು ಅವನಿಗೆ ತೋಚಿರಲೂ ಇಲ್ಲ. ಮೀನು ಸತ್ತರೆ ಏನು ಹೇಳಬೇಕೆಂದು ಜಿವ್ಕಾ ವಾರವಿಡೀ ಯೋಚಿಸಿದ್ದಳು; ಉಳಿದರೆ ಏನೆಂದು ಯೋಚಿಸಿರಲಿಲ್ಲ.

ಕಾಫಿ ಬೇಡವೆಂದು ಅವನು ಬಾಗಿಲ ಬಳಿ ಬಗ್ಗಿ ಶೂ ಕಟ್ಟಿಕೊಳ್ಳುತ್ತಿದ್ದಾಗ ಅವಳು ಹೇಳಿದಳು:

"ಮೀನಿಗೋಸ್ಕರ ಬರ್ಬೇಕಾಗಿಲ್ಲ, ಸರಿ. ಸುಮ್ನೆ ಬಾ."

ಅವನ ಬೆರಳು ದಾರದ ಮೇಲೆ ನಿಂತಿತು. ತಲೆ ಎತ್ತಲಿಲ್ಲ.

"ನೋಡೋಣ ಜಿವ್ಕಾ," ಎಂದ.

ಅವನು ಮೆಟ್ಟಿಲಿಳಿಯುವ ಸದ್ದನ್ನು ಅವಳು ಕೆಳಗಿನ ಬಾಗಿಲು ಮುಚ್ಚುವವರೆಗೂ ಕೇಳಿಸಿಕೊಂಡಳು. ಆಮೇಲೆ ಸ್ನಾನದಮನೆಗೆ ಹೋಗಿ ಟಬ್ಬಿಗೆ ಮೊಣಕೈ ಅದ್ದಿದಳು. ನೀರು ಆರಿತ್ತು. ಬಿಸಿನೀರು ಕಾಯಿಸಲು ಎದ್ದಳು.