ಮಗನ ಅಂಗಿಗೊಂದು ಚೀಟಿ

ನಮ್ಮ ಬೀದಿಯ ಇಸ್ತ್ರಿ ಅಕ್ಕ ನಡೆಯುವಾಗ ಬಲಭುಜ ತುಸು ಕೆಳಗಿಳಿದಿರುತ್ತದೆ. ಇಪ್ಪತ್ತೆರಡು ವರ್ಷ ಇಸ್ತ್ರಿ ಪೆಟ್ಟಿಗೆಯ ಭಾರ ಹೊತ್ತ ದೇಹ ಬರಿಗೈಯಲ್ಲಿದ್ದಾಗಲೂ ಅದನ್ನು ಮರೆಯಲೊಲ್ಲದು. ಸ್ವಭಾವ ಮಾತ್ರ ಬೆಣ್ಣೆ. ಗುಂಡಿ ಹೊಲಿದುಕೊಡಿ ಎಂದರೂ "ಆಯ್ತು ಬಿಡಿ", ಮನೆಗೇ ತಂದುಕೊಡಿ ಎಂದರೂ "ಆಯ್ತು ಬಿಡಿ".

ಸರದಿಯ ವಿಷಯದಲ್ಲಿ ಮಾತ್ರ ಆಕೆ ಮಹಾ ನಿಷ್ಠುರೆ. ಪ್ರತಿ ಗಂಟಿಗೂ ಒಂದು ಚೀಟಿ, ಅದರ ಮೇಲೆ ವಾರದ ಹೆಸರು; ಎಂತಹ ದೊಡ್ಡ ಮನುಷ್ಯನ ಬಟ್ಟೆಯೂ ಆ ದಿನಕ್ಕೆ ಮೊದಲು ಮೇಜು ಹತ್ತುತ್ತಿರಲಿಲ್ಲ. ಈ ಶಾಸನಕ್ಕೆ ಹೊರತಾಗಿದ್ದವನು ಇಪ್ಪತ್ತೊಂಬತ್ತು ವರ್ಷದ ಮಗನೊಬ್ಬನೇ. ದಿನಾ ಬೆಳಿಗ್ಗೆ ಎಂಟಕ್ಕೆ, ಆಫೀಸಿಗೆ ಹೊರಡುವ ಮುನ್ನ, ಮುದುಡಿದ ಅಂಗಿಯನ್ನು ಗಂಟುಗಳ ಮೇಲೆಸೆದು "ಅಮ್ಮಾ, ಇದೊಂದು" ಎಂದು ಸ್ನಾನಕ್ಕೆ ಹೋಗುತ್ತಿದ್ದ. ಅಕ್ಕನ ಚಹಾ ಆರುತ್ತಿತ್ತು. ಒಂಬತ್ತರವರೆಗೆ ಭುಜಕ್ಕೆ ವಿಶ್ರಾಂತಿ ಕೊಡದಿದ್ದರೆ ಕೈ ಎತ್ತುವುದೇ ಕಷ್ಟವಾದೀತೆಂದು ಡಾಕ್ಟರು ಎಚ್ಚರಿಸಿದ್ದರು. ಕೈ ನಿಂತರೆ ಕಸುಬೂ ನಿಂತಂತೆ.

ಒಂದು ಸೋಮವಾರ ಮಗನ ಅಂಗಿಗೂ ಚೀಟಿ ಬಿತ್ತು: ಗುರುವಾರ.

"ಇದೇನಮ್ಮ, ನಾನೇನು ಗಿರಾಕೀನಾ?"

"ಗಿರಾಕಿಗಳಾದ್ರೆ ಸರದಿ ಕಾಯ್ತಾರಪ್ಪ. ಅವಸರ ಇದ್ರೆ ಪೆಟ್ಟಿಗೆ ಅಲ್ಲಿದೆ, ನೀನೇ ಹಾಕ್ಕೋ. ಒಂಬತ್ತರ ತನಕ ನನ್ನ ಕೈಲಿ ಆಗಲ್ಲ."

ಮಗ ಮುಖ ಗಂಟಿಕ್ಕಿಕೊಂಡು ಮುದುಡಿದ ಅಂಗಿಯಲ್ಲೇ ಹೋದ. ಎರಡು ದಿನ ಮಾತಿಲ್ಲ. "ಮನೆ ಬಿಟ್ಟೇ ಹೋಗ್ತಾನೇನೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ" ಎಂದು ಅಕ್ಕ ಆಮೇಲೆ ನನ್ನೆದುರು ಒಪ್ಪಿಕೊಂಡಳು.

ಬುಧವಾರ ಬೆಳಿಗ್ಗೆ ಅವನೇ ಪೆಟ್ಟಿಗೆ ಹಿಡಿದ. ತೋಳಿನಲ್ಲಿ ಒಂದು ನೆರಿಗೆ ಬಿಡಿಸಲು ಹೋಗಿ ಮೂರು ಮಾಡಿದ. ತೋಳಿನ ತುದಿಯ ಪಟ್ಟಿಯ ಮೇಲೆ ಕಂದು ಕಲೆಯೆದ್ದು ಸುಟ್ಟ ವಾಸನೆ ಬಂತು. ಅಕ್ಕನ ಕೈ ಚಡಪಡಿಸಿತು. ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು ಕುರ್ಚಿ ಬಿಟ್ಟೇಳದೆ ಕೂತಳು. ಅವನು ಅಂಗಿ ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಬಾಯಿಬಿಟ್ಟ.

"ಅಮ್ಮಾ, ಕಾಲರ್ ಮೊದಲಾ, ತೋಳು ಮೊದಲಾ?"

"ಕಾಲರ್" ಎಂದಳು ಅಕ್ಕ. ಮಗನಿಗೆ ಸಿಟ್ಟು ಇಳಿದಿತ್ತು, ಮನೆ ಮನೆಯಾಗಿಯೇ ಇತ್ತು. ಅವನು ಸುಟ್ಟ ಪಟ್ಟಿಯನ್ನು ಒಳಕ್ಕೆ ಮಡಚಿ, ನಗುತ್ತಲೇ ಆಫೀಸಿಗೆ ಹೋದನಂತೆ.

ದುಡಿದೇ ಪ್ರೀತಿ ತೋರಿಸಿ ಅಭ್ಯಾಸವಾದ ಜೀವಗಳು ಇಂಥವು. ಕೈ ಹಿಂತೆಗೆದರೆ ಮಕ್ಕಳು ದೂರವಾಗುತ್ತಾರೆಂದು ವರ್ಷಗಟ್ಟಲೆ ಹೆದರುತ್ತವೆ. ಒಮ್ಮೆ "ಆಗಲ್ಲ" ಎಂದು ನೋಡಿದ ಮೇಲೆ ತಿಳಿಯುತ್ತದೆ, ಮಕ್ಕಳು ಯಾವಾಗಲೋ ದೊಡ್ಡವರಾಗಿದ್ದರು. ಅದನ್ನು ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.