ಅರ್ಧ ನಂಬರ್ ಜಾಸ್ತಿ

"ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇಲ್ಲಾ ಇದರಲ್ಲಾ?"

ಕನ್ನಡಕದಂಗಡಿಯ ಕುರ್ಚಿಯಲ್ಲಿದ್ದ ಕಸೂತಿ ಅಕ್ಕನ ಮೂಗಿನ ಮೇಲೆ ಕೂರಿಸಿದ್ದ ದಪ್ಪ ಲೋಹದ ಫ್ರೇಮಿಗೆ ಅಪ್ಪ ಒಂದು ಗಾಜು ಹಾಕಿದ, ತೆಗೆದ, ಇನ್ನೊಂದು ಹಾಕಿದ.

"ಮೊದಲನೇದು."

"ಸರಿ. ಈಗ?"

"ಈಗ್ಲೂ ಮೊದಲನೇದೇ. ಎಷ್ಟು ಕಪ್ಪಗೆ, ಮುದ್ದಾಗಿ ಕಾಣ್ತಿತ್ತು ಅಕ್ಷರ! ಸುಮ್ನೆ ಯಾಕೆ ಅದನ್ನ ತೆಗೆದು ತೆಗೆದು ಇಡ್ತೀರ?"

"ಯಾಕಂದ್ರೆ ನಿಮ್ಮ ತಲೆನೋವು ಅದರಲ್ಲೇ ಇದೆ ಕಣಮ್ಮ."

ಗೋಡೆಯ ಅಕ್ಷರಪಟದ ಪಕ್ಕ ನಿಂತಿದ್ದ ಮಗಳು ತಲೆ ತಗ್ಗಿಸಿದಳು. ಆ ತಲೆನೋವು ಕೊಟ್ಟವಳು ಅವಳೇ. ಹದಿನೆಂಟು ತುಂಬಿದರೂ ಬೀದಿಗೆಲ್ಲ ಅವಳು ಇನ್ನೂ ಪಾಪುವೇ. ಎರಡು ವಾರದ ಕೆಳಗೆ ಅಪ್ಪ ಗಾಜು ತರಲು ಹೋಗಿದ್ದಾಗ ಕಸೂತಿ ಅಕ್ಕನ ಕಣ್ಣು ಪರೀಕ್ಷೆ ಮಾಡಿದ್ದು ಈ ಪಾಪು. ಒಂದೊಂದು ಗಾಜು ಏರಿಸಿದಾಗಲೂ ಆಕೆ "ಆಹಾ, ಇದು ಇನ್ನೂ ಚೆನ್ನಾಗಿದೆ" ಅನ್ನುತ್ತಿದ್ದಳು, ಇವಳಿಗೂ ಹುರುಪು ಬಂದು ಏರಿಸುತ್ತಲೇ ಹೋಗಿದ್ದಳು. ಕನ್ನಡಕದ ಕೆಲಸಕ್ಕೆ ಹೊಸಬರಾದವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಇದು. ದೂರದ್ದು ಕಾಣದವರಿಗೆ ಬೇಕಾದ್ದಕ್ಕಿಂತ ಜಾಸ್ತಿ ನಂಬರ್ ಕೊಟ್ಟರೆ ಅಕ್ಷರ ಸ್ವಲ್ಪ ಚಿಕ್ಕದಾಗಿ, ಗಾಢವಾಗಿ ಕಾಣುತ್ತದೆ. ಕೂತವರು ಅದನ್ನೇ ಚೆನ್ನ ಅಂದುಕೊಳ್ಳುತ್ತಾರೆ. ಮನೆಗೆ ಹೋಗಿ ಸೂಜಿ ಹಿಡಿದ ಮೇಲೆ ಹಣೆ ಸಿಡಿಯಲು ಶುರುವಾಗುತ್ತದೆ.

"ಎರಡು ಗಾಜೂ ಒಂದೇ ಥರ ಅಂತ ಅವರ ಬಾಯಲ್ಲಿ ಬರಬೇಕು. ಅಲ್ಲಿಗೆ ಕೈ ನಿಲ್ಲಿಸಬೇಕು," ಎಂದ ಅಪ್ಪ, ಮಗಳ ಕಡೆ ನೋಡದೆ. "ಇನ್ನೂ ಚೆನ್ನಾಗಿ, ಇನ್ನೂ ಚೆನ್ನಾಗಿ ಅಂತ ಹೊರಟರೆ ಅದಕ್ಕೆ ಕೊನೆ ಇಲ್ಲ."

ಒಳಕೋಣೆಯಲ್ಲಿ ಗಾಜಿನ ಅಂಚು ಉಜ್ಜುವ ಯಂತ್ರ ನಿಂತಿತು. "ಅದು ಕಸೂತಿ ಅಕ್ಕಂಗೆ ಹೇಳಿದ್ದಾ, ಪಾಪುಗಾ?" ಎಂದು ಅಲ್ಲಿಂದಲೇ ಅಮ್ಮನ ದನಿ ಕೇಳಿಸಿತು.

"ಗಾಜಿನ ವಿಷಯ ಮಾತಾಡ್ತಿದ್ದೀನಿ ಮಾರಾಯ್ತಿ!"

"ಹೂಂ, ಗೊತ್ತು ಗೊತ್ತು, ಗಾಜಿನ ವಿಷಯ." ಯಂತ್ರ ಮತ್ತೆ ಕರಕರ ಎಂದಿತು.

ಕಸೂತಿ ಅಕ್ಕನಿಗೆ ಇಷ್ಟು ಸಾಕಾಯಿತು. ಕಣ್ಣ ಮೇಲಿನ ಲೋಹದ ಫ್ರೇಮು ಸಮೇತ ಗಿರಕ್ಕನೆ ತಿರುಗಿದಳು. "ಏನೇ ಪಾಪು, ಇನ್ನೂ ತೀರ್ಮಾನ ಆಗಿಲ್ವಾ? ಇವತ್ತೇ ಅಲ್ವೇನೇ ಕೊನೇ ದಿನ?"

"ಹೌದಕ್ಕ. ಸಂಜೆ ಒಳಗೆ ಹೇಳಬೇಕು."

ವಿಷಯ ಇಡೀ ಬೀದಿಗೆ ಗೊತ್ತಿತ್ತು. ದೂರದ ಊರಿನ ದೊಡ್ಡ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಓದಬೇಕೆಂದು ಪಾಪು ಪ್ರವೇಶ ಪರೀಕ್ಷೆ ಬರೆದಿದ್ದಳು. ಕೂದಲೆಳೆಯಲ್ಲಿ ತಪ್ಪಿತ್ತು. ಅದೇ ಅಂಕಕ್ಕೆ ಇಲ್ಲೇ, ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ, ಕಣ್ಣಿನ ಪರೀಕ್ಷೆ ಕಲಿಸುವ ಕೋರ್ಸಿನಲ್ಲಿ ಸೀಟು ಸಿಕ್ಕಿತ್ತು. ಸೀಟು ಒಪ್ಪಿಕೊಂಡರೆ ಮುಂದಿನ ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ. ಮತ್ತೆ ಬರೆಯುತ್ತೇನೆಂದರೆ ಈ ಸೀಟು ಕೈಬಿಡಬೇಕು. ಫೋನಿನಲ್ಲಿ ಎರಡು ಚೌಕ ಬಂದು ಕೂತಿದ್ದವು. ಯಾವುದಾದರೂ ಒಂದನ್ನು ಒತ್ತಬೇಕು, ಅಷ್ಟೇ. ಆ ಅಷ್ಟೇ ಅನ್ನುವುದಕ್ಕೆ ಒಂದು ವಾರದಿಂದ ಮನೆಯಲ್ಲಿ ಯಾರಿಗೂ ಊಟ ಸರಿಯಾಗಿ ಸೇರಿರಲಿಲ್ಲ.

"ಕಲ್ಲು ಓದೋಕೆ ಅಷ್ಟು ದೂರ ಹೋಗ್ಬೇಕಾ?" ಕಸೂತಿ ಅಕ್ಕ ಕೇಳಿದಳು.

"ನಾನೂ ಅದನ್ನೇ ಕೇಳಿದ್ದು," ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ನಮ್ಮ ಅಡುಗೆಮನೆ ಕಟ್ಟೆ ಕಲ್ಲಿಂದೇ ಅಲ್ವಾ, ದಿನಾ ಒರೆಸುತ್ತಾ ಓದ್ಕೋ ಅಂದೆ. ಮುಖ ದಪ್ಪ ಮಾಡ್ಕೊಂಡ್ಲು."

ಎಲ್ಲರೂ ನಕ್ಕರು. ಪಾಪುವೂ ನಕ್ಕಳು. ಅಮ್ಮನ ಜೋಕಿಗೆ ನಗದಿದ್ದರೆ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ.

ಆದರೆ ಮನಸ್ಸು ಆ ಉದ್ದನೆಯ ಪಡಸಾಲೆಗೆ ಹೋಗಿ ನಿಂತಿತ್ತು. ಪರೀಕ್ಷೆ ನಡೆದದ್ದು ಆ ಕಾಲೇಜಿನಲ್ಲೇ. ಬೇಗ ಹೋಗಿದ್ದವಳು ಕೋಣೆ ಹುಡುಕುತ್ತ ದಾರಿ ತಪ್ಪಿ, ಎರಡೂ ಬದಿಗೆ ಗಾಜಿನ ಕಪಾಟುಗಳಿದ್ದ ಪಡಸಾಲೆಗೆ ಹೊಕ್ಕಿದ್ದಳು. ಕಪಾಟಿನ ತುಂಬ ಕಲ್ಲು. ಮೀನಿನ ಮುಳ್ಳು ಅಚ್ಚೊತ್ತಿದ ಕಲ್ಲು, ಪದರ ಪದರವಾಗಿ ಬಿಚ್ಚಿಕೊಂಡ ಕಲ್ಲು, ಯಾವ ಅಂದವೂ ಇಲ್ಲದೆ ಸುಮ್ಮನೆ ಕೂತ ಬೂದು ಕಲ್ಲು. ಒಂದು ಕಪಾಟಿಗೆ ಹಣೆ ತಾಗಿಸಿ ನೋಡುತ್ತಿದ್ದಾಗ ತೋಳಿನ ತನಕ ಧೂಳು ಮೆತ್ತಿಕೊಂಡ ಒಬ್ಬಳು ದಡದಡನೆ ಬಂದು, "ಏ, ಲ್ಯಾಬಿನ ಕೀ ಯಾರ ಹತ್ರ ಇದೆಯೇ?" ಎಂದು ಕೇಳಿದಳು. ನೀನು ಯಾರು, ಇಲ್ಲೇಕೆ ನಿಂತಿದ್ದೀ ಎಂದಲ್ಲ. ಕೀ ಯಾರ ಹತ್ತಿರ ಇದೆ ಎಂದು. "ಗೊತ್ತಿಲ್ಲ," ಎಂದಿದ್ದಳು ಪಾಪು. "ಥೂ, ಯಾರಿಗೂ ಏನೂ ಗೊತ್ತಿರಲ್ಲ ಇಲ್ಲಿ," ಎಂದು ಗೊಣಗಿಕೊಂಡು ಆ ಹುಡುಗಿ ಹೋದಳು. ಆ ಬೈಗುಳ ಪಾಪುವಿನ ಕಿವಿಯಲ್ಲಿ ಇನ್ನೂ ಸಿಹಿಯಾಗಿತ್ತು. ಪ್ರಶ್ನೆಪತ್ರಿಕೆ ಎದುರಿಗೆ ಬಂದಾಗಲೂ ಅರ್ಧ ಜೀವ ಆ ಪಡಸಾಲೆಯಲ್ಲೇ ಇತ್ತು. ಬರುವ ಲೆಕ್ಕಗಳೂ ಅವಸರದಲ್ಲಿ ತಪ್ಪಿಹೋದವು.

"ಈಗ ನೋಡಿ," ಅಪ್ಪ ಅರ್ಧ ನಂಬರ್ ಇಳಿಸಿದ ಗಾಜು ಹಾಕಿ ಕಸೂತಿ ಅಕ್ಕನನ್ನು ಬಾಗಿಲ ತನಕ ನಡೆಸಿಕೊಂಡು ಹೋದ. "ಆ ಕ್ಷೌರದಂಗಡಿ ಬೋರ್ಡು ಓದಿ. ಕೆಳಗಿನ ಸಣ್ಣ ಅಕ್ಷರ."

ಆಕೆ ತಡವರಿಸದೆ ಓದಿದಳು.

"ಎಲ್ಲಾ ಕಾಣುತ್ತೆ ಅಂತಾಯ್ತಲ್ಲ?"

"ಕಾಣುತ್ತೆ." ಆಕೆ ಅಲ್ಲೇ ನಿಂತಳು. ದನಿ ಇಳಿದಿತ್ತು. "ಅಣ್ಣಾ, ನಮ್ಮ ಮನೆ ಮೂರನೇ ಮಹಡಿ. ದಿನಾ ಕಿಟಕಿ ಹತ್ರಾನೇ ಕೂತು ಹೊಲಿಯೋದು ನಾನು. ಊರಾಚೆ ಗುಡ್ಡ ಇದೆಯಲ್ಲ, ಇಷ್ಟು ವರ್ಷ ಅದು ನನಗೆ ಹಸಿರು ಬಟ್ಟೆ ಮುದುರಿ ಬಿಸಾಕಿದ ಹಾಗಿತ್ತು. ಪಾಪು ಕೊಟ್ಟ ಕನ್ನಡಕ ಹಾಕ್ಕೊಂಡ ದಿನ ಒಂದೊಂದು ಮರಾನೂ ಬೇರೆ ಬೇರೆ ಕಾಣಿಸ್ತು. ಒಂಟಿಯಾಗಿ, ಚೂಪಾಗಿ, ದಾರದಲ್ಲಿ ಕಸೂತಿ ಹಾಕಿದ ಹಾಗೆ. ಸೂಜಿ ಕೆಳಗಿಟ್ಟು ಸುಮ್ನೆ ನೋಡ್ತಾ ಕೂತಿದ್ದೆ."

"ಈ ಗಾಜಲ್ಲೂ ಆ ಮರ ಕಾಣುತ್ತಮ್ಮ."

"ಕಾಣುತ್ತೆ. ಹಾಗೆ ಕಾಣಲ್ಲ."

ಇದಕ್ಕೆ ಅಪ್ಪನ ಪೆಟ್ಟಿಗೆಯಲ್ಲಿ ಗಾಜಿರಲಿಲ್ಲ.

"ತಲೆನೋವು ಬಂದ್ರೆ ನನ್ನ ತಲೆಗೆ ತಾನೇ ಬರೋದು? ಅದೇ ಇರಲಿ ಬಿಡಿ ಅಣ್ಣ."

"ನಾನಿದ್ದು ತಪ್ಪು ನಂಬರ್ ಹೇಗೆ ಕೊಡ್ಲಮ್ಮಾ?"

"ಅಯ್ಯೋ, ಇದಕ್ಯಾಕೆ ಜಗಳ," ಅಮ್ಮ ನಡುವೆ ಬಂದಳು. "ಎರಡೂ ಇಟ್ಕೊಳ್ಳಿ. ಸೂಜಿ ಹಿಡಿಯೋವಾಗ ಇವರು ಕೊಟ್ಟಿದ್ದು, ಗುಡ್ಡ ನೋಡೋವಾಗ ಪಾಪು ಕೊಟ್ಟಿದ್ದು. ಅದೂ ಸ್ವಲ್ಪ ಹೊತ್ತು, ಆಮೇಲೆ ತೆಗೆದಿಡಿ."

"ಇದು ಯಾವ ಪುಸ್ತಕದಲ್ಲಿದೆ?" ಅಪ್ಪ ಕೇಳಿದ.

"ನನ್ನ ಪುಸ್ತಕದಲ್ಲಿ. ಇನ್ನೂ ಅಚ್ಚಾಗಿಲ್ಲ."

ಕಸೂತಿ ಅಕ್ಕನ ಮುಖ ಅರಳಿತು. ಹೊಸ ಗಾಜು ಸಿದ್ಧವಾಗುವ ತನಕ ಕೂತು, ಇನ್ನಷ್ಟು ಮಾತಾಡಿ, ಮೂಗಿನ ಮೇಲೆ ಒಂದು, ಕೈಚೀಲದಲ್ಲಿ ಒಂದು ಕನ್ನಡಕ ಇಟ್ಟುಕೊಂಡು ಹೊರಟಳು. ಮೆಟ್ಟಿಲಿಳಿಯುವಾಗ ಪಾಪುವಿನ ಗಲ್ಲ ಹಿಂಡಿ, "ನಿನ್ನ ಮೇಲೇನೂ ಸಿಟ್ಟಿಲ್ಲ ಕಣೇ," ಎಂದಳು.

ಆಕೆ ಹೋದ ಮೇಲೆ ಅಂಗಡಿ ತಣ್ಣಗಾಯಿತು. ಎರಡೂ ಇಟ್ಟುಕೊಳ್ಳಿ ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟೆ ಎಂದು ಅಮ್ಮನಿಗೆ ಆಗ ಹೊಳೆದಿರಬೇಕು. ಮಗಳ ಫೋನಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಯಂತ್ರದ ಸದ್ದು ಮಾತ್ರ ಬರಲಿಲ್ಲ.

ಅಪ್ಪ ಗಾಜುಗಳನ್ನು ಒರೆಸಿ ಪೆಟ್ಟಿಗೆಯ ಸಾಲಿನಲ್ಲಿ ನಿಲ್ಲಿಸುತ್ತ ಕೇಳಿದ, "ಮತ್ತೆ ಬರೆದು, ಆಗ್ಲೂ ಸಿಗದೇ ಹೋದ್ರೆ?"

"ಸಿಗದೇ ಹೋಗಬಹುದು ಅಪ್ಪ."

"ಆಮೇಲೆ ಈ ಸೀಟೂ ಇರಲ್ಲ."

"ಇರಲ್ಲ."

"ನಿನಗೆ ಕೈ ಇದೆ ಪಾಪು. ಆವತ್ತು ಒಂದು ತಪ್ಪು ಮಾಡಿದೆ, ಅಷ್ಟೇ. ಕೂತವರು ನಿನ್ನ ಹತ್ರ ಹೆದರಲ್ಲ. ಅದು ಕಲಿಸಿದ್ರೆ ಬರೋದಲ್ಲ." ಇನ್ನೊಂದು ಗಾಜು ಕೈಗೆತ್ತಿಕೊಂಡು, "ನಾನಿಲ್ಲದಾಗ ಅಂಗಡಿ ಯಾರು ನೋಡ್ತಾರೆ ಅಂತ ಹೇಳ್ತಿಲ್ಲ ನಾನು," ಎಂದ.

"ಗೊತ್ತಪ್ಪ."

"ಹೇಳ್ತಾ ಇದ್ದೀನಿ ಅಂತಾನೇ ಇಟ್ಕೋ."

ಭೂಗರ್ಭಶಾಸ್ತ್ರ ಯಾಕೆ ಎಂದು ಯಾರು ಕೇಳಿದರೂ ಪಾಪುವಿನ ಹತ್ತಿರ ಒಪ್ಪುವಂಥ ಉತ್ತರವಿರಲಿಲ್ಲ. ಆದ್ದರಿಂದ ಇದ್ದದ್ದನ್ನೇ ಹೇಳಿದಳು. ಪಡಸಾಲೆ, ಕಪಾಟು, ಧೂಳು ಮೆತ್ತಿದ ಹುಡುಗಿ. "ಅವಳು ನನ್ನ ಕೇಳಿದ್ಲು ಅಪ್ಪ. ಕೀ ಯಾರ ಹತ್ರ ಇದೆ ಅಂತ. ನಂಗೆ ಗೊತ್ತಿರಲಿಲ್ಲ."

"ಆಫೀಸಲ್ಲಿರುತ್ತೆ," ಅಪ್ಪ ಎಂದ. "ಇನ್ನೆಲ್ಲಿರುತ್ತೆ?"

"ಅಪ್ಪಾ!"

"ಸರಿ, ಸರಿ." ನಗಲು ನೋಡಿದ. ಅದು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಗಾಜನ್ನು ಬೆಳಕಿಗೆ ಹಿಡಿದು, ಎಲ್ಲೂ ಕಲೆಯಿಲ್ಲದಿದ್ದರೂ ಮತ್ತೊಮ್ಮೆ ಒರೆಸಿದ. "ಅದು ಗೊತ್ತಿರೋಳು ಆಗಬೇಕು ನಿನಗೆ, ಅಲ್ವಾ?"

"ಹೂಂ."

"ಅಲ್ಲಿ."

"ಅಲ್ಲೇ."

ಅಪ್ಪ ಪೆಟ್ಟಿಗೆ ಮುಚ್ಚಿದ. "ಒಂದು ವರ್ಷ ಕೌಂಟರಲ್ಲಿ ನಿಲ್ಲಬೇಕಾಗುತ್ತೆ. ಬಂದವರೆಲ್ಲ ಕೇಳ್ತಾರೆ, ಮತ್ತೆ ಬರೀತಿದ್ದೀಯಂತೆ, ಯಾಕೆ ಸಿಗಲಿಲ್ಲ, ಏನಾಯ್ತು ಅಂತ. ಒಬ್ಬೊಬ್ಬರಿಗೂ ಉತ್ತರ ಕೊಡಬೇಕು."

"ಕೊಡ್ತೀನಿ."

"ಸಿಟ್ಟು ಮಾಡ್ಕೋಬಾರ್ದು ಗಿರಾಕಿ ಮೇಲೆ."

"ಮಾಡ್ಕೊಳ್ಳಲ್ಲ."

"ಒತ್ತು ಹಾಗಾದ್ರೆ. ನನ್ನ ಮುಖ ನೋಡ್ತಾ ನಿಂತ್ರೆ ಅದು ತಾನೇ ಒತ್ತಿಕೊಳ್ಳುತ್ತಾ?"

ಸೀಟು ಬೇಡ ಎಂಬ ಚೌಕದ ಮೇಲೆ ಪಾಪು ಬೆರಳಿಟ್ಟಳು. ಖಚಿತವೇ ಎಂದು ಫೋನು ಮರುಪ್ರಶ್ನೆ ಹಾಕಿತು. ಖಚಿತ ಏನೂ ಇರಲಿಲ್ಲ. ಆದರೂ ಹೌದು ಎಂದು ಒತ್ತಿದಳು. ಒಳಗೆ ಅಮ್ಮ ಇಷ್ಟು ಹೊತ್ತು ಹಿಡಿದಿದ್ದ ಉಸಿರು ಬಿಟ್ಟದ್ದು ಇಬ್ಬರಿಗೂ ಕೇಳಿಸಿತು. ಅದರ ಹಿಂದೆಯೇ ಯಂತ್ರ ಶುರುವಾಯಿತು.

"ಬಂದೆ," ಎಂದು ಅಪ್ಪ ಚಪ್ಪಲಿ ಮೆಟ್ಟಿಕೊಂಡ. ಎಲ್ಲಿಗೆ ಎನ್ನಲಿಲ್ಲ. ರಸ್ತೆ ದಾಟಿ ಆಚೆ ಬದಿಯ ಪಾದಚಾರಿ ಕಟ್ಟೆಯ ಮೇಲೆ ಹತ್ತಿ ನಿಂತ. ಯಾರನ್ನೋ ಮಾತಾಡಿಸಲು ಹೋದನೆಂದುಕೊಂಡಳು ಪಾಪು. ಅವನು ಯಾರನ್ನೂ ಮಾತಾಡಿಸಲಿಲ್ಲ. ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಮೊದಲ ಸಲ ಬಂದ ಗಿರಾಕಿಯ ಹಾಗೆ, ತನ್ನದೇ ಅಂಗಡಿಯನ್ನು ನೋಡುತ್ತ ನಿಂತ. ಬಾಗಿಲು, ಕುರ್ಚಿ, ಸಾಲು ಸಾಲು ಖಾಲಿ ಫ್ರೇಮುಗಳು, ಅವುಗಳ ಮಧ್ಯೆ ನಿಂತ ಮಗಳು. ಒಂದು ಬಸ್ಸು ಬಂದು ನಡುವೆ ಅಡ್ಡವಾಯಿತು, ಜನ ಇಳಿದರು, ಹತ್ತಿದರು. ಅದು ಹೋದ ಮೇಲೂ ಅವನು ಅಲ್ಲೇ ಇದ್ದ.

ಹೊರಗೆ ಇನ್ನೂ ಬೆಳಕಿತ್ತು. ದೀಪ ಹಚ್ಚುವ ಹೊತ್ತಾಗಿರಲಿಲ್ಲ. ಪಾಪು ಕೌಂಟರಿನ ಹಿಂದೆ ಬಂದು, ಆಚೆ ನಿಂತ ಅಪ್ಪನಿಗೆ ಕಾಣಲೆಂದು, ಒಂದೊಂದೇ ಸ್ವಿಚ್ ಹಾಕಿದಳು. ಕಪಾಟಿನ ದೀಪ, ಕನ್ನಡಿಯ ದೀಪ, ಕಿಟಕಿಯ ಮೂಲೆಯದು, ಕೊನೆಗೆ ತನ್ನ ತಲೆಯ ಮೇಲಿನದು.