ಉಂಡು ಹೊರಡು

ಆ ದೇಶವನ್ನು ‘ಸ್ಥಿರ’ ಎಂದು ಬರೆದವಳು ನಾನೇ. ನಮ್ಮ ಕಂಪನಿ ಹಣ ಹೂಡುವ ಹೊರದೇಶಗಳ ಅಪಾಯದ ವರದಿಗಳನ್ನು ವಿಶಾಖಪಟ್ಟಣದ ಕಚೇರಿಯಲ್ಲಿ ಕೂತು ಬರೆಯುವುದು ನನ್ನ ಕೆಲಸ. ಆ ಒಂದು ಪದವನ್ನು ನಂಬಿ ನನ್ನ ತಮ್ಮ ಅರವಿಂದ ಪಶ್ಚಿಮ ಆಫ್ರಿಕಾದ ನಮ್ಮದೇ ಕಂಪನಿಯ ಬಾಕ್ಸೈಟ್ ಗಣಿಗೆ ಭೂವಿಜ್ಞಾನಿಯಾಗಿ ಹೋದ.

2007ರ ಮಾರ್ಚಿನಲ್ಲಿ ಅಲ್ಲಿನ ಸೈನ್ಯ ಸರ್ಕಾರವನ್ನು ಉರುಳಿಸಿತು. ಮೂರನೆಯ ದಿನ ಪಕ್ಕದ ಗಣಿಯ ಇಬ್ಬರು ವಿದೇಶಿ ಎಂಜಿನಿಯರುಗಳನ್ನು ಜೀಪಿನಲ್ಲಿ ಎಳೆದೊಯ್ದರು. ಅವರ ಸುದ್ದಿಯೇ ಇಲ್ಲ.

ನಮ್ಮವರು ಮಾತ್ರ ಕದಲುವಂತಿರಲಿಲ್ಲ. ಜನ ಹೊರಟರೆ ಗಣಿ ತೊರೆದಂತೆ, ಪರವಾನಗಿ ರದ್ದಾಗುತ್ತದೆ ಎಂದು ವಿಜಯವಾಡದ ಮುಖ್ಯ ಕಚೇರಿಯಿಂದ ನಿರ್ದೇಶಕ ರಾಮ್‌ಪ್ರಸಾದ್ ಗಾರು ತಡೆದಿದ್ದರು. ಅರವಿಂದ ನನಗೆ ಮೇಲ್ ಬರೆದ. ತರಕಾರಿ ತರುವ ಲಾರಿ ನಾಳೆ ಊಟದ ಹೊತ್ತಿಗೆ ಬಂದು ಗಡಿಯಾಚೆ ಮರಳುತ್ತದೆ, ಮತ್ತೆ ಬರುವುದಿಲ್ಲ, ಚಾಲಕ ಒಪ್ಪಿದ್ದಾನೆ, ಹೋಗಲೋ ಇರಲೋ ನೀನೇ ಹೇಳು ಎಂದು. ಉತ್ತರಿಸುವಷ್ಟರಲ್ಲಿ ಅಲ್ಲಿ ಇಂಟರ್‌ನೆಟ್ ಕಡಿದಿತ್ತು.

ಉಳಿದದ್ದು ವಿಜಯವಾಡದ ಮೂಲಕವೇ ಹೋಗುವ ಸ್ಯಾಟಲೈಟ್ ಫೋನು. ಮರುದಿನ ತಮ್ಮನಿಗೆ ಧೈರ್ಯ ಹೇಳಲು ರಾಮ್‌ಪ್ರಸಾದ್ ಗಾರೇ ನನ್ನನ್ನು ಲೈನಿಗೆ ಸೇರಿಸಿಕೊಂಡರು. ಅವರೂ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ತಿಳಿಯದಿರಲೆಂದು ನಾನು ಹಾವೇರಿಯ ಅವ್ವನ ಕನ್ನಡಕ್ಕೆ ಮೊರೆಹೋದೆ.

“ಅರವಿಂದ, ಅವ್ವ ಹೇಳ್ಯಾಳ, ಉಂಡು ಹೊರಡು.”

ಗಣಿಯ ಕಡೆಯ ಲೈನು ಕಡಿಯಿತು.

“ಒಳ್ಳೆಯದಾಯ್ತಮ್ಮಾ,” ಎಂದರು ರಾಮ್‌ಪ್ರಸಾದ್ ಗಾರು ತೆಲುಗಿನಲ್ಲಿ. “ಉಂಡು ಅಂದಿರಲ್ಲ, ಅದೊಂದು ಮಾತು ಸಾಕು.”

ತೆಲುಗಿನಲ್ಲಿ ‘ಉಂಡು’ ಎಂದರೆ ಇರು. ನಮ್ಮಪ್ಪ ತೆಲುಗಿನವರು, ಅರವಿಂದ ಓದಿದ್ದು, ಆಡಿದ್ದು, ಜಗಳವಾಡಿದ್ದು ಎಲ್ಲ ತೆಲುಗಿನಲ್ಲೇ. ಅವನ ಕನ್ನಡ ಅವ್ವನ ಹತ್ತಿರ ಊಟ ಕೇಳುವಷ್ಟು. ಅವನ ಕಿವಿಗೆ ಬಿದ್ದದ್ದು ಯಾವ ಭಾಷೆ? ‘ಹೊರಡು’ ತಲುಪಿತೋ ಇಲ್ಲವೋ?

ನಲವತ್ತು ನಿಮಿಷದ ಮೇಲೆ ಮತ್ತೆ ಲೈನು ಸಿಕ್ಕಿತು. ಎತ್ತಿದ್ದು ಶಿಬಿರದ ಮ್ಯಾನೇಜರ್ ಕಾಮೇಶ್ವರ. ಯಾರು ಕೇಳಿದರೂ ಕೇಳಲಿ ಎಂದು ಅಚ್ಚ ತೆಲುಗಿನಲ್ಲೇ ಹೇಳಿಬಿಟ್ಟೆ. ಅರವಿಂದ ಅಲ್ಲಿರುವುದು ಬೇಡ, ಆ ಲಾರಿ ಹತ್ತಲಿ.

“ಅವನು ಕ್ಯಾಂಪಿನಲ್ಲಿಲ್ಲಮ್ಮಾ,” ಎಂದ ಕಾಮೇಶ್ವರ. “ಲಾರಿ ಆಗಲೇ ಹೋಯ್ತು.”

ಅರವಿಂದನಿಗೆ ಸರಿಯಾಗಿಯೇ ಅರ್ಥವಾಗಿತ್ತು. ಈಗ ಅವನನ್ನು ಹಿಡಿದುಕೊಟ್ಟವಳು ನಾನು.

ರಾಮ್‌ಪ್ರಸಾದ್ ಗಾರು ದನಿ ಏರಿಸಲಿಲ್ಲ. “ಕಾಮೇಶ್ವರ, ಗಡಿ ದಾರಿಯ ನಮ್ಮ ಚೆಕ್‌ಪೋಸ್ಟಿಗೆ ಫೋನ್ ಮಾಡು. ಲಾರಿ ನಿಲ್ಲಿಸಲಿ.”

ಕಾಮೇಶ್ವರ ಹೇಳಿದ: “ಚೆಕ್‌ಪೋಸ್ಟಿನ ಫೋನ್ ಬೆಳಗ್ಗೆಯಿಂದ ಕೆಟ್ಟಿದೆ ಸಾರ್.”

“ಹೌದೇನಮ್ಮಾ? ಶಿಬಿರದ ಬೆಳಗಿನ ವರದಿ ನಿಮ್ಮ ಮುಂದೆಯೇ ಇರಬೇಕಲ್ಲ,” ಎಂದು ರಾಮ್‌ಪ್ರಸಾದ್ ಗಾರು ನನ್ನನ್ನು ಕೇಳಿದರು.

ಇತ್ತು. ಶಿಬಿರದಿಂದ ಬಂದ ಮಾಹಿತಿಯಂತೆ, ಫೋನುಗಳೆಲ್ಲ ಸರಿಯಾಗಿವೆ ಎಂದು ಅದರಲ್ಲಿ ನಾನೇ ಟೈಪ್ ಮಾಡಿದ್ದೆ.

“ಹೌದು ಸಾರ್,” ಎಂದೆ. “ಕೆಟ್ಟಿದೆ ಅಂತಲೇ ಬರೆದಿದೆ.”

ಅದನ್ನು ನನಗೆ ಫ್ಯಾಕ್ಸ್ ಮಾಡಿ ಎಂದರು. ಲಾರಿ ಗಡಿ ತಲುಪಲು ಇನ್ನೂ ಎರಡು ಗಂಟೆಯ ದಾರಿಯಿತ್ತು. ವರದಿಯಲ್ಲಿ ಫೋನಿನ ಆ ಸಾಲನ್ನು ಅಳಿಸಿ ಬೇರೆ ಬರೆಯತೊಡಗಿದೆ.